ಹಳೇ ಫೋನಿನ ಗಂಟೆ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಜಿಲ್ಲೆಯಲ್ಲಿ ಘಟ್ಟದ ಮೇಲಿನ ಮನೆಗಳ ಅಟ್ಟದಲ್ಲಿ, ಘಟ್ಟದ ಕೆಳಗಿನ ಮನೆಗಳ ಜಗುಲಿ ಕಪಾಟಿನಲ್ಲಿ ಈಗಲೂ ಎಷ್ಟೋ ಡಯಲ್ ಫೋನುಗಳು ಸುಮ್ನೆ ಕೂತಿವೆ. ನಾನು ಶಿರಸಿಯಲ್ಲಿ ಕೂತು ಇಂಥ ಫೋನುಗಳ ಗಂಟೆ ಸರಿಮಾಡುತ್ತೇನೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯಿಂದಲೂ ಫೋನು ಬರುತ್ತವೆ. ಫೋನು ಬೇರೆ ಬೇರೆ, ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ಮೊದಲೇ ಒಂದು ಮಾತು: ಗಂಟೆ ಹೊಡೆಯುತ್ತಿಲ್ಲ ಅಂದ ಮಾತ್ರಕ್ಕೆ ಅದು ಸತ್ತಿದೆ ಅಂತಲ್ಲ. ಬಹಳ ಸಲ ಸುತ್ತಿಗೆಗೆ ಆಡಲು ಜಾಗ ಇರುವುದಿಲ್ಲ, ಇಲ್ಲವೇ ಕರೆಂಟು ಅಲ್ಲಿಯವರೆಗೆ ತಲುಪುತ್ತಿರುವುದಿಲ್ಲ. ಎರಡನ್ನೂ ಮನೆಯಲ್ಲೇ ನೋಡಿಕೊಳ್ಳಬಹುದು.

ಫೋನಿನ ಗಂಟೆ ಹೊಡೆಯುವುದು ಹೇಗೆ?

ಒಳಗೆ ಎರಡು ಲೋಹದ ಬಟ್ಟಲು ಕವುಚಿ ಕೂರಿಸಿರುತ್ತಾರೆ. ನಡುವೆ ಒಂದು ಪುಟ್ಟ ಸುತ್ತಿಗೆ. ಸುತ್ತಿಗೆಯ ಬುಡದಲ್ಲಿ ಕಬ್ಬಿಣದ ಪಟ್ಟಿ, ಅದರ ಎದುರು ತಾಮ್ರದ ತಂತಿ ಸುತ್ತಿದ ಎರಡು ಕಾಯಿಲ್, ಜೊತೆಗೊಂದು ಅಯಸ್ಕಾಂತ. ಎಕ್ಸ್‌ಚೇಂಜಿನಿಂದ ಎಸಿ ಕರೆಂಟು (ದಿಕ್ಕು ಬದಲಿಸುತ್ತಲೇ ಇರುವ ಕರೆಂಟು) ಬಂದಾಗ ಒಮ್ಮೆ ಈ ಕಾಯಿಲಿನ ಎಳೆತ ಜಾಸ್ತಿಯಾಗುತ್ತದೆ, ಮರುಕ್ಷಣ ಆ ಕಾಯಿಲಿನದು. ಪಟ್ಟಿ ತೂಗುಮಣೆಯ ಹಾಗೆ ಆಚೀಚೆ ವಾಲುತ್ತದೆ. ಸುತ್ತಿಗೆ ಎರಡೂ ಬಟ್ಟಲಿಗೆ ಬಡಿಯುತ್ತದೆ.

ನಮ್ಮ ದೇಶದ ಲೈನುಗಳಲ್ಲಿ ಈ ಕರೆಂಟು ಸುಮಾರು 75 ವೋಲ್ಟ್, 25 ಹರ್ಟ್ಸ್. ಅಂದರೆ ಸೆಕೆಂಡಿಗೆ 25 ಸಲ ಅತ್ತ, 25 ಸಲ ಇತ್ತ, ಒಟ್ಟು 50 ಏಟು. ನಮಗೆ ಪರಿಚಯದ 'ಟ್ರಿಂಗ್ ಟ್ರಿಂಗ್' ಲಯಕ್ಕೂ ಲೆಕ್ಕ ಇದೆ: 0.4 ಸೆಕೆಂಡ್ ಸದ್ದು, 0.2 ಸೆಕೆಂಡ್ ಬಿಡುವು, ಮತ್ತೆ 0.4 ಸದ್ದು, ಆಮೇಲೆ 2 ಸೆಕೆಂಡ್ ಮೌನ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಈ ಮಾದರಿಯ ಗಂಟೆ ಅವರ ಸಹಾಯಕ ಥಾಮಸ್ ವಾಟ್ಸನ್ ಅವರ ಕೆಲಸ, 1878ರ ಹೊತ್ತಿನದು. ಮುಂದೆ ನೂರು ವರ್ಷಕ್ಕೂ ಜಾಸ್ತಿ ಕಾಲ ಇದರ ಮೂಲ ರಚನೆ ಬದಲಾಗಲಿಲ್ಲ. ಹಾಗಾಗಿ ಒಂದು ಗಂಟೆ ಅರ್ಥವಾದರೆ ಉಳಿದವೂ ಅರ್ಥವಾದ ಹಾಗೇ.

ಬಿಚ್ಚುವ ಮೊದಲು ಏನು ಮಾಡಬೇಕು?

ಲೈನ್ ತೆಗೆಯಿರಿ. ಇದೊಂದನ್ನು ತಪ್ಪಿಸಬೇಡಿ. ನೀವು ಬಿಚ್ಚಿ ಕೂತಾಗಲೇ ಯಾರೋ ಕರೆ ಮಾಡಿದರೆ ಬೆರಳಿಗೆ ಜೋರು ಶಾಕ್ ಹೊಡೆಯುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕೂತಿದ್ದರಂತೂ ಅಪಾಯ. ಗುಡುಗುವಾಗ ಈ ಕೆಲಸಕ್ಕೆ ಕೂರಲೇಬೇಡಿ.

ಆಮೇಲೆ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ. ಯಾವ ತಂತಿ ಯಾವ ಸ್ಕ್ರೂಗೆ ಹೋಗಿತ್ತು ಅನ್ನುವುದು ಅರ್ಧ ಗಂಟೆಯಲ್ಲಿ ಮರೆತುಹೋಗುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಸ್ಟೀಲ್ ತಟ್ಟೆಯಲ್ಲಿಡಿ. ಬಟ್ಟೆಯ ಮೇಲಿಟ್ಟರೆ ಉರುಳಿ ಹೋಗುತ್ತವೆ.

ತೊಂದರೆ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಮೀಟರ್ ಹಿಡಿಯುವ ಮೊದಲು ಕಣ್ಣಿಂದ ನೋಡಿ. ಕುಮಟಾ ಕಡೆಯ ಮನೆಯಿಂದ ಒಮ್ಮೆ ಕಪ್ಪು ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಫೋನು ಬಂದಿತ್ತು. ಎರಡು ಕಡೆ ತೋರಿಸಿ, ಕಾಯಿಲ್ ಸುಟ್ಟಿದೆ ಅನ್ನಿಸಿಕೊಂಡು ಬಂದಿದ್ದು. ಮೀಟರ್ ಹಚ್ಚಿದರೆ ಕಾಯಿಲ್ ಗಟ್ಟಿಯಾಗೇ ಇದೆ. ಬಟ್ಟಲಿನ ನಡುವಿನ ಸ್ಕ್ರೂ ತೆಗೆದು ಕವುಚಿದ್ದನ್ನು ಎತ್ತಿದೆ. ಒಳಗೆ ನಿಂಬೆಹಣ್ಣಿನಷ್ಟು ಮಣ್ಣು! ಕಡಜ ಗೂಡು ಕಟ್ಟಿತ್ತು. ಗೋಡೆ ಮೂಲೆಯಲ್ಲಿ, ಕಿಟಕಿ ಸಂದಿಯಲ್ಲಿ ಕಟ್ಟುತ್ತದಲ್ಲ, ಅದೇ. ಮಣ್ಣು ಬಟ್ಟಲಿನ ಅಂಚಿನಿಂದ ಸುತ್ತಿಗೆಯ ಕಡ್ಡಿಯವರೆಗೆ ಹಬ್ಬಿ ಕಲ್ಲಿನಂತಾಗಿತ್ತು. ಬಿದಿರಿನ ಕಡ್ಡಿಯಿಂದ ನಿಧಾನ ಕೆರೆದು, ಬ್ರಶ್ಶಿನಲ್ಲಿ ಒರೆಸಿದೆ. ಬೇರೇನೂ ರಿಪೇರಿ ಬೇಕಾಗಲಿಲ್ಲ.

ಹಾಗಾಗಿ ಮೊದಲು ಬಟ್ಟಲಿನೊಳಗೆ ಟಾರ್ಚ್ ಬಿಡಿ. ಕಡಜದ ಮಣ್ಣು, ಇರುವೆ ಗೂಡು, ಒಣಗಿದ ಹಲ್ಲಿ, ಜಿರಲೆ ಮೊಟ್ಟೆ, ತುಂಡಾದ ತಂತಿ ಇದೆಯಾ ನೋಡಿ. ಸುತ್ತಿಗೆಯನ್ನು ಬೆರಳ ತುದಿಯಿಂದ ಆಡಿಸಿ. ತಡೆಯಿಲ್ಲದೆ ಆಚೀಚೆ ಹೋಗಬೇಕು.

ಅದೂ ಸರಿಯಿದ್ದರೆ ಟರ್ಮಿನಲ್, ಅಂದರೆ ತಂತಿ ಸಿಕ್ಕಿಸುವ ಸ್ಕ್ರೂಗಳ ಸಾಲು ನೋಡಿ. ಬ್ರಿಟಿಷ್ ಮಾದರಿಯ ಫೋನುಗಳಲ್ಲಿ, ಅದರ ಹಾದಿಯಲ್ಲೇ ಬಂದ ನಮ್ಮ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಫೋನುಗಳಲ್ಲೂ, ಎರಡು ಸ್ಕ್ರೂಗಳನ್ನು ಜೋಡಿಸುವ ಚಿಕ್ಕ ಲೋಹದ ಪಟ್ಟಿ ಇರುತ್ತದೆ. ಹಿಂದೆ ಒಳಮನೆಗೆ ಬೇರೆ ಗಂಟೆ ಹಾಕಿಸಿದ್ದರೆ ಲೈನ್‌ಮನ್ ಈ ಪಟ್ಟಿ ತೆಗೆದಿರುತ್ತಾರೆ. ಆ ಗಂಟೆ ಕಿತ್ತುಹಾಕಿದ ಮೇಲೆ ಪಟ್ಟಿಯನ್ನು ಮರಳಿ ಹಾಕಿರುವುದಿಲ್ಲ. ಫೋನಿನಲ್ಲಿ ಮಾತು ಕೇಳುತ್ತದೆ, ಗಂಟೆ ಮಾತ್ರ ಇಲ್ಲ ಅಂದರೆ ನನಗೆ ಮೊದಲು ಬರುವ ಅನುಮಾನ ಇದೇ.

ಕಾಯಿಲ್ ಸರಿಯಿದೆಯಾ ಅಂತ ತಿಳಿಯುವುದು ಹೇಗೆ?

ಸಾದಾ ಮಲ್ಟಿಮೀಟರ್ ಸಾಕು. ಕಾಯಿಲಿನ ಒಂದು ತುದಿ ಬಿಡಿಸಿಕೊಂಡು ಓಮ್ (ಕರೆಂಟಿಗೆ ತಂತಿ ಒಡ್ಡುವ ತಡೆ) ಅಳೆಯಿರಿ. ಬ್ರಿಟಿಷ್ ಮಾದರಿಯಲ್ಲಿ ಒಂದೊಂದು ಕಾಯಿಲ್ ಸುಮಾರು 500, ಎರಡೂ ಸೇರಿ 1000 ಓಮ್. ಬೇರೆ ಮಾದರಿಯಲ್ಲಿ ಕೆಲವು ಸಾವಿರ ಬರಬಹುದು. ಮೀಟರ್ ಏನೂ ತೋರಿಸದಿದ್ದರೆ ತಂತಿ ಎಲ್ಲೋ ಕಡಿದಿದೆ.

ಎಲ್ಲೋ ಅಂದೆ, ಆದರೆ ನಮ್ಮ ಕಡೆ ಅದು ಹೆಚ್ಚಾಗಿ ಬೆಸುಗೆಯ ಬುಡದಲ್ಲೇ. ಕಾಯಿಲಿನ ತಂತಿ ಕೂದಲಿನಷ್ಟು ತೆಳು. ಉಪ್ಪುಗಾಳಿಗೆ ಬೆಸುಗೆ ಹತ್ತಿರ ಹಸಿರು ಕಿಲುಬು ಹಿಡಿದು ತಂತಿ ಅಲ್ಲೇ ಪುಡಿಯಾಗುತ್ತದೆ. ಹೊರಗಿನ ಕಾಗದದ ಸುತ್ತನ್ನು ಬಿಡಿಸಿ, ಒಂದೆರಡು ಸುತ್ತು ತಂತಿ ಹೊರತೆಗೆದು, ಮೇಲಿನ ಬಣ್ಣವನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬೆಸುಗೆ ಹಾಕಬಹುದು. ಒಂದೆರಡು ಸುತ್ತು ಕಡಿಮೆಯಾದರೆ ಗಂಟೆಗೆ ಏನೂ ಆಗುವುದಿಲ್ಲ. ಆದರೆ ಎಳೆಯಬೇಡಿ. ಶುರುವಿನಲ್ಲಿ ನಾನು ಇಕ್ಕಳದಿಂದ ಎಳೆದು ತಂತಿಯನ್ನು ಸುತ್ತಿನ ಒಳಗೇ ಕಡಿದುಕೊಂಡೆ. ಆ ಕಾಯಿಲ್ ಮತ್ತೆ ಸರಿಯಾಗಲಿಲ್ಲ, ಇವತ್ತಿಗೂ ಅದಕ್ಕೆ ಬೇಸರವಿದೆ.

ಎರಡು ಕಾಯಿಲುಗಳ ತಂತಿ ಹಿಂದುಮುಂದಾದರೆ ಒಂದರ ಎಳೆತವನ್ನು ಇನ್ನೊಂದು ಕೊಲ್ಲುತ್ತದೆ. ಆಗ ಮೀಟರ್ ಸರಿ ತೋರಿಸುತ್ತದೆ, ಗಂಟೆ ಮಾತ್ರ ಮಿಸುಕುವುದಿಲ್ಲ. ಪರೀಕ್ಷೆ ಸುಲಭ. 9 ವೋಲ್ಟಿನ ಬ್ಯಾಟರಿಯನ್ನು ಕಾಯಿಲಿಗೇ ನೇರ ತಾಗಿಸಿ, ನಡುವೆ ಕಂಡೆನ್ಸರ್ (ಈಗ ಕೆಪಾಸಿಟರ್ ಅನ್ನುತ್ತಾರೆ) ಬೇಡ. ಸುತ್ತಿಗೆ ಒಂದು ಕಡೆ ವಾಲಬೇಕು, ಬ್ಯಾಟರಿ ತಿರುಗಿಸಿದರೆ ಇನ್ನೊಂದು ಕಡೆ.

ಕಂಡೆನ್ಸರ್ ಯಾಕೆ ಬೇಕು? ಅದನ್ನೇ ತೆಗೆದುಬಿಟ್ಟರೆ?

ತೆಗೆಯಬೇಡಿ. ಲೈನಿನಲ್ಲಿ ಯಾವಾಗಲೂ ಸುಮಾರು 48 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು ಇರುತ್ತದೆ. ರಿಸೀವರ್ ಎತ್ತಿದಾಗ ಆ ಕರೆಂಟು ಹರಿಯುತ್ತದೆ, ಅದರಿಂದಲೇ ಎಕ್ಸ್‌ಚೇಂಜಿಗೆ ನೀವು ಫೋನೆತ್ತಿದ್ದು ತಿಳಿಯುವುದು. ಕಂಡೆನ್ಸರ್ ಈ ಡಿಸಿಯನ್ನು ತಡೆದು ರಿಂಗಿನ ಎಸಿಯನ್ನು ಮಾತ್ರ ಗಂಟೆಗೆ ಬಿಡುತ್ತದೆ. ಅದಿಲ್ಲದಿದ್ದರೆ ಫೋನು ಇಟ್ಟಿದ್ದರೂ ಎತ್ತಿದ ಹಾಗೇ ಲೆಕ್ಕ, ಕರೆ ಮಾಡಿದವರಿಗೆ ಎಂಗೇಜ್ ಬರುತ್ತದೆ.

ಹಳೇ ಕಂಡೆನ್ಸರ್ ಅಂದರೆ ಮೇಣ ಹಚ್ಚಿದ ಕಾಗದ, ಲೋಹದ ಹಾಳೆ ಸುತ್ತಿ ಡಬ್ಬಿಗೆ ಹಾಕಿದ್ದು. ನಮ್ಮ ಹವೆಯಲ್ಲಿ ಅದು ತೇವ ಕುಡಿಯುತ್ತದೆ. ಸೋರಲು ಶುರುವಾದರೆ ಲೈನಿನಲ್ಲಿ ಗರಗರ ಸದ್ದು, ಒಂದು ಏಟಿಗೆ ನಿಂತುಹೋಗುವ ಗಂಟೆ. ಪೂರ್ತಿ ಕಡಿದುಹೋದರೆ ಗಂಟೆಯೇ ಇಲ್ಲ. ಬದಲಿಗೆ 2 ಮೈಕ್ರೋಫ್ಯಾರಡ್, 250 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿ. 1.8 ಇದ್ದರೂ 2.2 ಇದ್ದರೂ ನಡೆಯುತ್ತದೆ. ಪ್ಲಸ್ ಮೈನಸ್ ಗುರುತಿರುವ ಎಲೆಕ್ಟ್ರೋಲಿಟಿಕ್ ಬೇಡ. 250 ವೋಲ್ಟ್ ಯಾಕೆಂದರೆ, 75 ವೋಲ್ಟ್ ಎಸಿ ಏರಿದಾಗ 106ರವರೆಗೆ ಹೋಗುತ್ತದೆ, ಅದಕ್ಕೆ 48 ಸೇರಿದರೆ 150 ದಾಟುತ್ತದೆ. 100 ವೋಲ್ಟಿನದು ಬಾಳುವುದಿಲ್ಲ.

ಹಳೇ ಡಬ್ಬಿಯನ್ನು ಬಿಸಾಡದೆ ಅಲ್ಲೇ ಬಿಡಿ, ಅದರ ತಂತಿ ಮಾತ್ರ ಬಿಡಿಸಿ. ಹೊಸ ಕೆಪಾಸಿಟರ್ ಪಕ್ಕದಲ್ಲಿ ಆರಾಮ ಕೂರುತ್ತದೆ, ಫೋನಿನ ರೂಪವೂ ಕೆಡುವುದಿಲ್ಲ.

ಗಂಟೆ ಹೊಡೆಯುತ್ತದೆ, ಆದರೆ ಮೊದಲಿನ ಸದ್ದಿಲ್ಲ. ಡಬ್ಬ ಬಡಿದ ಹಾಗೆ ಕೇಳುತ್ತದೆ. ಏನು ಮಾಡಲಿ?

ಈ ಪ್ರಶ್ನೆ ಕೇಳುವವರು ನನಗೆ ಬಹಳ ಇಷ್ಟ. ಗಂಟೆ ಹೊಡೆದರೆ ಸಾಕು ಅಂತ ಬಿಡದೆ ಸದ್ದಿಗೆ ಕಿವಿ ಕೊಟ್ಟಿರುತ್ತಾರೆ.

ಸದ್ದಿನ ಗುಟ್ಟು ಸುತ್ತಿಗೆ ಮತ್ತು ಬಟ್ಟಲಿನ ನಡುವಿನ ಸಂದಿಯಲ್ಲಿದೆ. ದೇವಸ್ಥಾನದ ಗಂಟೆ ಹೊಡೆದು ನಾಲಿಗೆಯನ್ನು ಅಲ್ಲೇ ಒತ್ತಿ ಹಿಡಿದರೆ ನಾದ ಸಾಯುತ್ತದಲ್ವಾ? ಇಲ್ಲೂ ಅಷ್ಟೇ. ಸುತ್ತಿಗೆ ಬಡಿದು ತಕ್ಷಣ ಹಿಂದೆ ಸರಿಯಬೇಕು. ಸುತ್ತಿಗೆಯ ಬುಡದ ಕಬ್ಬಿಣದ ಪಟ್ಟಿಯನ್ನು ಬೆರಳಿಂದ ಒಂದು ಕಡೆ ಪೂರ್ತಿ ಒತ್ತಿ ಹಿಡಿಯಿರಿ. ಆಗ ಸುತ್ತಿಗೆ ಬಟ್ಟಲಿಗೆ ತಾಗಿ ನಿಲ್ಲಬಾರದು. ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಜಾಗ ಬೇಕು. ಹೊಡೆಯುವಾಗ ಸುತ್ತಿಗೆಯ ಕಡ್ಡಿ ವೇಗಕ್ಕೆ ಸ್ವಲ್ಪ ಬಾಗಿ ಆ ಸಂದಿ ದಾಟಿ ಬಡಿಯುತ್ತದೆ, ಬಡಿದು ವಾಪಸ್ ಬರುತ್ತದೆ.

ಬಹಳಷ್ಟು ಫೋನುಗಳಲ್ಲಿ ಬಟ್ಟಲಿನ ಸ್ಕ್ರೂ ತೂತು ಸರಿಯಾಗಿ ನಡುವೆ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕಿರುತ್ತದೆ. ಅದು ತಪ್ಪಲ್ಲ, ಬೇಕೆಂದೇ ಮಾಡಿದ್ದು. ಸ್ಕ್ರೂ ಸಡಿಲಿಸಿ ಬಟ್ಟಲನ್ನು ತಿರುಗಿಸಿದರೆ ಅಂಚು ಸುತ್ತಿಗೆಯ ಹತ್ತಿರ ಬರುತ್ತದೆ ಇಲ್ಲವೇ ದೂರ ಹೋಗುತ್ತದೆ. ಒಂದು ಕೂದಲೆಳೆ ತಿರುಗಿಸಿ, ಸ್ಕ್ರೂ ಬಿಗಿಮಾಡಿ, ಬೆರಳಿಂದ ಹೊಡೆಸಿ ಕೇಳಿ. ಮತ್ತೆ ಸಡಿಲಿಸಿ, ಮತ್ತೆ ಕೇಳಿ. ಮೊದಲು ಒಂದು ಬಟ್ಟಲು, ಆಮೇಲೆ ಇನ್ನೊಂದು. ಎರಡರ ಸ್ವರ ಬೇರೆ ಇರುವುದು ಸಹಜ, ಎರಡೂ ಒಂದೇ ಜೋರಿನಲ್ಲಿ ಕೇಳಬೇಕು ಅಷ್ಟೇ. ಸುತ್ತಿಗೆಯ ಕಡ್ಡಿ ಬಗ್ಗಿಸುವುದು ಕೊನೆಯ ದಾರಿ. ಅದು ಮುರಿದರೆ ಸಿಗುವುದು ಕಷ್ಟ.

ಶಿರಸಿ ಹತ್ತಿರದ ಒಂದು ಅಡಿಕೆ ತೋಟದ ಮನೆಯಲ್ಲಿ ಹೀಗೆ ಕೂತು ಮುಕ್ಕಾಲು ಗಂಟೆ ತಿರುಗಿಸಿದ್ದೆ. ಆ ಮನೆಯ ಅಜ್ಜಿ ಒಳಗೆ ವೀಳ್ಯದೆಲೆ ಒರೆಸುತ್ತಾ ಕೂತಿದ್ದರು. ಪ್ರತಿ ಸಲ ಹೊಡೆಸಿದಾಗಲೂ ಅಲ್ಲಿಂದಲೇ 'ಅಲ್ಲ ತಮಾ' ಅನ್ನುತ್ತಿದ್ದರು. ನನ್ನ ಕಿವಿಗೆ ಸರಿಯೆನಿಸಿದ್ದೂ ಅವರಿಗೆ ಅಲ್ಲ. ಬಲಗಡೆ ಬಟ್ಟಲನ್ನು ಇನ್ನೊಂದಿಷ್ಟು ಹಿಂದೆ ತಿರುಗಿಸಿದೆ. ಹೊಡೆಸಿದೆ. ಅಜ್ಜಿ ಎಲೆ ಕೆಳಗಿಟ್ಟು ಎದ್ದು ಬಂದರು. 'ಇದೇ, ಇದೇ' ಅಂದರು. ಅವತ್ತಿನಿಂದ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನಾನು ಬಟ್ಟಲು ಹೊಂದಿಸುವುದು. ಆ ಸದ್ದು ಅವರ ಕಿವಿಯಲ್ಲಿ ಇನ್ನೂ ಇರುತ್ತದೆ.

ಸಂದಿ ಸರಿಯಿದ್ದೂ ನಾದ ಬರದಿದ್ದರೆ ಬಟ್ಟಲಿನ ಅಂಚು ಎಲ್ಲಾದರೂ ಒಡಲಿಗೆ ತಾಗುತ್ತಿದೆಯಾ ನೋಡಿ. ಸೀಳು ಬಿಟ್ಟಿದ್ದರೆ 'ಠಸ್' ಅನ್ನುತ್ತದೆ. ಸೀಳಿದ ಬಟ್ಟಲಿಗೆ ಬೆಸುಗೆ ಹಾಕಿ ಪ್ರಯೋಜನವಿಲ್ಲ, ಬದಲಿಸಲೇಬೇಕು.

ಹಗಲು ಚೆನ್ನಾಗಿ ಹೊಡೆಯುತ್ತದೆ, ಚಳಿಗಾಲದ ಬೆಳಗಿನ ಜಾವ ಹೊಡೆಯುವುದೇ ಇಲ್ಲ. ಯಾಕೆ?

ಯಾರಾದರೂ ತೆಂಗಿನೆಣ್ಣೆ ಬಿಟ್ಟಿದ್ದಾರಾ ಕೇಳಿ. ಘಟ್ಟದ ಮೇಲಿಂದ ಬರುವ ಫೋನುಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಬಾಗಿಲ ತಿರುಗಣೆ ಕಿರುಗುಟ್ಟಿದರೂ ತೆಂಗಿನೆಣ್ಣೆ, ಹೊಲಿಗೆ ಮಷಿನ್ನಿಗೂ ತೆಂಗಿನೆಣ್ಣೆ, ಹಾಗೇ ಫೋನಿಗೂ ಒಂದು ಹನಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಚಳಿಯಲ್ಲಿ ಬಾಟಲಿಯೊಳಗೆ ಹೆಪ್ಪುಗಟ್ಟುವ ಎಣ್ಣೆ ಗಂಟೆಯ ಕೀಲಿನಲ್ಲೂ ಹೆಪ್ಪುಗಟ್ಟುತ್ತದೆ. ಬಿಸಿಲೇರಿದ ಮೇಲೆ ಕರಗಿ ಸುತ್ತಿಗೆ ಮತ್ತೆ ಆಡುತ್ತದೆ. ಕರಾವಳಿಯಲ್ಲಿ ಹೆಪ್ಪುಗಟ್ಟದಿದ್ದರೂ ವರ್ಷ ಕಳೆದಂತೆ ಧೂಳು ಹಿಡಿದು ಅಂಟಾಗುತ್ತದೆ.

ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಕೀಲನ್ನು ಮೂರ್ನಾಲ್ಕು ಸಲ ಒರೆಸಿ. ಬೇಕಲೈಟಿಗೆ, ಕಾಯಿಲಿಗೆ ತಾಗಿಸಬೇಡಿ. ಮತ್ತೆ ಎಣ್ಣೆ ಬಿಡುವ ಅಗತ್ಯವಿಲ್ಲ. ಈ ಕೀಲು ಒಣಗಿದ್ದರೇ ಚೆನ್ನಾಗಿ ಆಡುತ್ತದೆ.

ಬಟ್ಟಲನ್ನು ಹುಣಸೆಹುಳಿ ಹಾಕಿ ತೊಳೆಯಬಹುದಾ?

ಬೇಡ. ಹಬ್ಬಕ್ಕೆ ದೀಪ, ತಂಬಿಗೆ ತಿಕ್ಕುವ ಹುಣಸೆಹಣ್ಣು, ಪೀತಾಂಬರಿ ಪುಡಿ ಯಾವುದೂ ಇಲ್ಲಿಗೆ ಬೇಡ. ಎಷ್ಟೋ ಬಟ್ಟಲುಗಳ ಮೇಲೆ ತೆಳು ನಿಕ್ಕಲ್ ಲೇಪ ಇರುತ್ತದೆ. ಹುಳಿ ಅದನ್ನು ತಿನ್ನುತ್ತದೆ. ಸಂದಿಯಲ್ಲಿ ಉಳಿದ ಹುಳಿ ಸ್ಕ್ರೂ ಬುಡಕ್ಕೆ ತುಕ್ಕು ತರುತ್ತದೆ. ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಬಣ್ಣ ಮಾಸಿದ ಬಟ್ಟಲೂ ನಾದ ಕೊಡುತ್ತದೆ.

ಡಯಲ್ ತಿರುಗಿಸಿದಾಗೆಲ್ಲ ಗಂಟೆ 'ಟಿಂಗ್ ಟಿಂಗ್' ಅನ್ನುತ್ತದೆ. ಇದು ದೋಷವೇ?

ಚಿಕ್ಕ ದೋಷ. ಡಯಲಿನ ಪ್ರತಿ ಅಂಕಿಗೂ ಲೈನ್ ಕಡಿದು ಕೂಡುತ್ತದೆ, ಅದಕ್ಕೆ ಸುತ್ತಿಗೆ ಬೆಚ್ಚುತ್ತದೆ. ಮೊದಲು ಲೈನಿನ ಎರಡು ತಂತಿ ಅದಲುಬದಲು ಮಾಡಿ. ನಿಲ್ಲದಿದ್ದರೆ ಸುತ್ತಿಗೆ ಬುಡದ ಪಟ್ಟಿಯನ್ನು ಒಂದು ಕಡೆಗೆ ಎಳೆದು ಹಿಡಿಯುವ ಸಣ್ಣ ಸ್ಪ್ರಿಂಗ್ ಇದೆಯಾ ನೋಡಿ. ಇದ್ದರೆ ಅದನ್ನು ಒಂದು ಮೆಟ್ಟಿಲು ಬಿಗಿಮಾಡಿ. ಜಾಸ್ತಿ ಬಿಗಿಯಾದರೆ ಗಂಟೆಯೇ ನಿಲ್ಲುತ್ತದೆ.

ಮಳೆಗಾಲದಲ್ಲಿ ಕಾಪಾಡುವುದು ಹೇಗೆ?

ಘಟ್ಟದ ಕೆಳಗೆ ಉಪ್ಪು, ಘಟ್ಟದ ಮೇಲೆ ಬೂಸು. ಕಾರವಾರದ ಕೋಡಿಬಾಗದಂಥ ಕಡೆ, ಸಮುದ್ರಕ್ಕೆ ಎದುರಾದ ಕಿಟಕಿಯ ಬಳಿ ಫೋನಿಟ್ಟರೆ ಸ್ಕ್ರೂಗಳೆಲ್ಲ ಬೇಗ ತುಕ್ಕು ಹಿಡಿಯುತ್ತವೆ. ಒಳಗಿನ ಗೋಡೆಗೆ ಇಡಿ. ಜೂನ್ ಮೊದಲು ಒಮ್ಮೆ ಬಿಚ್ಚಿ, ಟರ್ಮಿನಲ್ ಸ್ಕ್ರೂಗಳ ಕಿಲುಬು ಒರೆಸಿ, ಬಿಗಿಮಾಡಿ. ಗೋಡೆಯ ರೋಸೆಟ್ ಡಬ್ಬಿಯನ್ನೂ (ಹೊರಗಿನ ಲೈನ್ ಬಂದು ಸೇರುವ ಡಬ್ಬಿ) ಬಿಡಬೇಡಿ, ತೇವ ಮೊದಲು ಕೂರುವುದು ಅಲ್ಲೇ.

ತೇವ ಆರಿಸಲು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಹೊಗೆ ಕಾಯಿಲಿನೊಳಗೆ ಸೇರುತ್ತದೆ, ಕಂಡೆನ್ಸರಿನ ಮೇಣ ಕರಗುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ವಾರ ಇಟ್ಟರೆ ಸಾಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಲೈನ್ ತೆಗೆದಿಡಿ. ಸಿಡಿಲಿಗೆ ಸುಟ್ಟ ಕಾಯಿಲನ್ನು ಹೊಸದಾಗಿ ಸುತ್ತಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಈಗ ಮನೆಗೆ ಫೈಬರ್ ಬಂದಿದೆ. ಹಳೇ ಫೋನು ಹೊಡೆಯುತ್ತದಾ?

ಹೊಡೆಯುತ್ತದೆ. ಫೈಬರ್ ಮೋಡೆಮಿನಲ್ಲಿ ಫೋನಿನ ಕಿಂಡಿ ಇದ್ದು, ಕಂಪನಿಯವರು ಅದನ್ನು ಚಾಲೂ ಮಾಡಿಕೊಟ್ಟಿರಬೇಕು. ಚಿಕ್ಕ ಫೋನ್ ಪಿನ್ನಿನ ನಡುವಿನ ಎರಡು ತಂತಿಗಳನ್ನು ಹಳೇ ಫೋನಿನ ಲೈನ್ ಸ್ಕ್ರೂಗಳಿಗೆ ಕೊಡಿ. ಮೋಡೆಮ್ ಕೊಡುವ ರಿಂಗಿನ ಶಕ್ತಿ ಸಾಮಾನ್ಯವಾಗಿ ಎಕ್ಸ್‌ಚೇಂಜಿಗಿಂತ ಕಡಿಮೆ. ಒಂದು ಗಂಟೆಯನ್ನು ಎಳೆಯುತ್ತದೆ, ಎರಡು ಮೂರು ಜೋಡಿಸಿದರೆ ಎಲ್ಲವೂ ಸೊರಗುತ್ತವೆ. ಸದ್ದು ಮಂದವಾದರೆ ಮೇಲೆ ಹೇಳಿದ ಸ್ಪ್ರಿಂಗನ್ನು ಸ್ವಲ್ಪ ಸಡಿಲಿಸಿ.

ಬರುವ ಕರೆಗೆ ತೊಂದರೆಯಿಲ್ಲ. ಹೊರಗೆ ಕರೆ ಮಾಡುವುದು ಮೋಡೆಮಿನ ಮೇಲೆ ನಿಂತಿದೆ. ತಿರುಗಿಸುವ ಡಯಲಿನ ಪಲ್ಸ್ (ಲೈನ್ ಕಡಿದು ಕೂಡುವ ಮಿಡಿತ) ಕೆಲವಕ್ಕೆ ಅರ್ಥವಾಗುತ್ತದೆ, ಕೆಲವಕ್ಕೆ ಇಲ್ಲ. ಪಲ್ಸನ್ನು ಬಟನ್ ಫೋನಿನ ಟೋನ್ ಮಾಡುವ ಸಣ್ಣ ಪೆಟ್ಟಿಗೆ ಸಿಗುತ್ತದೆ, ಅದನ್ನು ನಡುವೆ ಹಾಕಬಹುದು.

ನಮ್ಮದು ಹಿಡಿಕೆ ತಿರುಗಿಸುವ ಫೋನು. ಅದನ್ನೂ ಜೋಡಿಸಬಹುದಾ?

ಮೋಡೆಮಿಗೆ ಖಂಡಿತ ಬೇಡ. ಹಿಡಿಕೆಯ ಒಳಗೆ ಮ್ಯಾಗ್ನೆಟೋ ಇದೆ, ತಿರುಗಿಸಿದರೆ ಅದೇ ಗಂಟೆ ಹೊಡೆಸುವಷ್ಟು ಕರೆಂಟು ಹುಟ್ಟಿಸುತ್ತದೆ. ಅದು ಮೋಡೆಮನ್ನು ಸುಡಬಹುದು. ತಿರುಗಿಸುವಾಗ ಟರ್ಮಿನಲ್ ಮುಟ್ಟಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಇಂಥ ಎರಡು ಫೋನುಗಳಿದ್ದರೆ ಎರಡು ತಂತಿ ಎಳೆದು, ಎರಡಕ್ಕೂ 3 ವೋಲ್ಟಿನ ಸೆಲ್ ಹಾಕಿದರೆ ಮನೆಗೂ ತೋಟದ ಮನೆಗೂ ಮಾತಾಡಬಹುದು. ಇಲ್ಲಿ ಹಿಡಿಕೆ ತಿರುಗಿಸಿದರೆ ಅಲ್ಲಿ ಗಂಟೆ.

ಗಂಟೆ ಕಿತ್ತು ಎಲೆಕ್ಟ್ರಾನಿಕ್ ಬಜರ್ ಹಾಕಿಸಿದರೆ ಸುಲಭವಲ್ವಾ?

ಸುಲಭವೇ. ಆದರೆ ನಾನು ಹಾಕಿಕೊಡುವುದಿಲ್ಲ. ಗಂಟೆ ಕಿತ್ತ ಫೋನಿಗೆ ಮತ್ತೆ ಗಂಟೆ ಹುಡುಕುವವರನ್ನು ಬಹಳ ನೋಡಿದ್ದೇನೆ. ಹಾಕಿಸಲೇಬೇಕಿದ್ದರೆ ಕಿತ್ತ ಗಂಟೆಯನ್ನು, ಅದರ ಅಯಸ್ಕಾಂತದ ಸಮೇತ, ಡಬ್ಬಿಯಲ್ಲಿ ಜೋಪಾನ ಮಾಡಿ. ಅಯಸ್ಕಾಂತಕ್ಕೆ ಪೆಟ್ಟು ಬೀಳಬಾರದು, ಬಿಸಿಯೂ ತಾಗಬಾರದು. ಅದರ ಬಲ ಕುಂದಿದರೆ ಗಂಟೆ ಸೊರಗುತ್ತದೆ.

ಕೊಂಡು ತಂದ ಫೋನು ನಿಜವಾಗಿ ಹಳೆಯದೇ ಅಂತ ತಿಳಿಯುವುದು ಹೇಗೆ?

ತೂಕ ನೋಡಿ, ಅಡಿಭಾಗ ಬಿಚ್ಚಿ ನೋಡಿ. ಎರಡು ಬಟ್ಟಲು, ಕಾಯಿಲ್ ಇದ್ದರೆ ಒಳ್ಳೇದು. ಫಳಫಳ ಹಿತ್ತಾಳೆ ಫೋನಿನೊಳಗೆ ಬೆರಳಗಲದ ಸರ್ಕಿಟ್ ಬೋರ್ಡು ಮಾತ್ರ ಇದ್ದರೆ ಅದು ಅಲಂಕಾರಕ್ಕೆ ಮಾಡಿದ ಹೊಸದು. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಬೆಂಗಳೂರಿನ ಐಟಿಐ ಕಾರ್ಖಾನೆಯ ಫೋನುಗಳು. ಅದು ಶುರುವಾದದ್ದೇ 1948ರಲ್ಲಿ, ಹಾಗಾಗಿ ಐಟಿಐ ಗುರುತಿರುವ ಫೋನನ್ನು 'ಬ್ರಿಟಿಷರ ಕಾಲದ್ದು' ಅಂತ ಮಾರಿದರೆ ನಂಬಬೇಡಿ.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಕೆಪಾಸಿಟರ್ ಶಿರಸಿ, ಕಾರವಾರದ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಇಲ್ಲದಿದ್ದರೆ ಹುಬ್ಬಳ್ಳಿ, ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ. ಬಟ್ಟಲು, ಸುತ್ತಿಗೆ, ಕಾಯಿಲ್ ಹೊಸದು ಸಿಗುವುದಿಲ್ಲ. ಗುಜರಿಯಲ್ಲಿ ಒಡೆದ ಫೋನು ಕಂಡರೆ ಬಿಡಬೇಡಿ, ಒಳಗಿನ ಗಂಟೆ ಹೆಚ್ಚಾಗಿ ಚೆನ್ನಾಗೇ ಇರುತ್ತದೆ. ನಿಮ್ಮೂರಿನಲ್ಲಿ ನಿವೃತ್ತ ಲೈನ್‌ಮನ್ ಇದ್ದರೆ ಒಮ್ಮೆ ಹೋಗಿ ಮಾತಾಡಿಸಿ. ಈ ಕೆಲಸದಲ್ಲಿ ನನಗೆ ಗೊತ್ತಿರುವುದರಲ್ಲಿ ಅರ್ಧ ಅಂಥವರಿಂದಲೇ ಕಲಿತದ್ದು.

ರಿಪೇರಿ ಆದ ಮೇಲೆ ಏನಾದರೂ ಮಾಡುತ್ತಿರಬೇಕಾ?

ತಿಂಗಳಿಗೊಮ್ಮೆ ಹೊಡೆಸಿ. ಸುತ್ತಿಗೆ ಆಡುತ್ತಿದ್ದರೆ ಕೀಲು ಹಿಡಿಯುವುದಿಲ್ಲ, ಕಡಜಕ್ಕೂ ಗೂಡು ಕಟ್ಟಲು ಪುರುಸೊತ್ತು ಸಿಗುವುದಿಲ್ಲ. ಮೊಬೈಲಿನಿಂದ ಮನೆ ನಂಬರಿಗೆ ಕರೆ ಮಾಡಿ. ಎಂಟು ಹತ್ತು ರಿಂಗ್ ಆಗುವವರೆಗೆ ಯಾರೂ ಎತ್ತಬೇಡಿ.